ಕಾಕಾನ ಕ್ಷಮಾಯಾತ್ರೆ

ನಮ್ಮ ಕಾಕಾನ ಜೊತೆ ನೀವು ಇದುವರೆಗೆ ಜಗಳ ಆಡಿಲ್ಲವೆಂದರೆ ಅದಕ್ಕೆ ಕಾರಣ ಒಂದೇ ಇರಬೇಕು: ನೀವು ಹೈದರಾಬಾದಿಗೆ ಬಂದಿಲ್ಲ. ಬಂದಿದ್ದರೂ ಸನತ್‌ನಗರದ ಕಡೆ ಸುಳಿದಿಲ್ಲ. ಸುಳಿದು, ರಸ್ತೆಯ ಮೇಲೆ ಬಾಳೆಹಣ್ಣಿನ ಸಿಪ್ಪೆ ಎಸೆದು, ಬೈಸಿಕೊಳ್ಳದೆ ವಾಪಸ್ಸು ಹೋಗಿದ್ದೀರೆಂದರೆ ಅವತ್ತು ಕಾಕಾ ಜ್ವರ ಬಂದು ಮಲಗಿದ್ದನೆಂದೇ ಅರ್ಥ. ಆದರೆ ನಾನು ಹೇಳಹೊರಟಿದ್ದು ಅವನ ಜಗಳದ ವಿಷಯವಲ್ಲ. ಜಗಳ ಆಡುವವರು ಯಾವ ಊರಿನಲ್ಲಿಲ್ಲ? ಜಗಳ ಆಡಿದ ಮೇಲೆ ಅದೇ ಮನುಷ್ಯನನ್ನು ಊರೆಲ್ಲ ಹುಡುಕಿ, ಹಿಡಿದು ನಿಲ್ಲಿಸಿ, ಅವನು ಬೇಡ ಬೇಡವೆಂದರೂ ಕ್ಷಮೆ ಕೇಳಿಯೇ ತೀರುವವರು ಎಷ್ಟು ಜನ ಇದ್ದಾರೆ, ಹೇಳಿ? ನನಗೆ ಗೊತ್ತಿರುವ ಮಟ್ಟಿಗೆ ಒಬ್ಬನೇ. ನನ್ನ ಗ್ರಹಚಾರಕ್ಕೆ ಅವನು ನನ್ನ ಅಪ್ಪನ ತಮ್ಮ.

ಅಣ್ಣ ತಮ್ಮ ಇಬ್ಬರೂ ಗದಗಿನ ಕಡೆಯಿಂದ ಬಂದು ಇಲ್ಲಿನ ಒಂದು ರಕ್ಷಣಾ ಕಾರ್ಖಾನೆ ಸೇರಿದವರು. ಅಪ್ಪ ಸ್ಟೋರಿನಲ್ಲಿ, ಕಾಕಾ ಫಿಟ್ಟರ್. ಸನತ್‌ನಗರದಲ್ಲಿ ನಮ್ಮ ಮನೆಗೂ ಅವನ ಮನೆಗೂ ನಡುವೆ ಎರಡು ಓಣಿ. ಭಾನುವಾರ ತೆಲುಗಿನವರ ಆರಾಧನೆ ಮುಗಿದು, ಅವರು ಚಪ್ಪಲಿ ಹುಡುಕಿಕೊಂಡು ಹೊರಗೆ ಹೋದ ಮೇಲೆ, ಅದೇ ಚರ್ಚಿನೊಳಗೆ ನಾವು ಕನ್ನಡದವರು ಸೇರುತ್ತೇವೆ. ಫ್ಯಾನು ಅವರದು, ಬೆಂಚು ಅವರದು, ದನಿ ಮಾತ್ರ ನಮ್ಮದು. ಬಲಗಡೆ ಗಂಡಸರು, ಎಡಗಡೆ ಹೆಂಗಸರು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಅವತ್ತು ಎಲ್ಲರೂ ಮುಂದೆ ಹೋಗಿ, ಕಟಕಟೆಯ ಮುಂದೆ ಮೊಣಕಾಲೂರಿ, ಪಾಸ್ಟರ ಕೈಯಿಂದ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ ತೆಗೆದುಕೊಳ್ಳುತ್ತೇವೆ.

ಈಗ ಯೇಸುಸ್ವಾಮಿ ಹೇಳಿದ್ದೊಂದು ಮಾತಿದೆಯಲ್ಲ, ಕಾಣಿಕೆ ಹಿಡಿದುಕೊಂಡು ದೇವರ ಮುಂದೆ ಬಂದಾಗ ನಿನ್ನ ಮೇಲೆ ಯಾರಿಗಾದರೂ ಅಸಮಾಧಾನ ಇದೆಯೆಂದು ನೆನಪಾದರೆ, ಕಾಣಿಕೆ ಅಲ್ಲೇ ಇಟ್ಟು, ಮೊದಲು ಹೋಗಿ ರಾಜಿಯಾಗಿ, ಆಮೇಲೆ ಬಾ ಎಂದು. ಇದನ್ನು ನಾವೆಲ್ಲ ಕೇಳಿದ್ದೇವೆ. ಕೇಳಿ, ಆಮೆನ್ ಅಂದು, ಮನೆಗೆ ಹೋಗಿ ಬಿರಿಯಾನಿ ಉಂಡು ಮಲಗಿದ್ದೇವೆ. ಕಾಕಾ ಹಾಗಲ್ಲ. ಕಾರ್ಖಾನೆಯಲ್ಲಿ ಮಷೀನಿನ ಮೇಲೆ ಅಂಟಿಸಿದ ಎಚ್ಚರಿಕೆಯ ಚೀಟಿಯನ್ನು ಹೇಗೆ ಪಾಲಿಸುತ್ತಾನೋ ಇದನ್ನೂ ಹಾಗೇ ಪಾಲಿಸುತ್ತಾನೆ. ಹೈದರಾಬಾದಿನಲ್ಲಿ ಒಬ್ಬನೇ ಒಬ್ಬ ಮನುಷ್ಯನಿಗೆ ತನ್ನ ಮೇಲೆ ಸಿಟ್ಟಿದ್ದರೂ ಅವನು ಆ ಮೇಜಿನ ಹತ್ತಿರ ಹೋಗುವುದಿಲ್ಲ. ತಿಂಗಳಿಡೀ ಬಾಯಿಗೆ ಬ್ರೇಕಿಲ್ಲ, ಮೊದಲ ಭಾನುವಾರ ಬಿಡುವಂತಿಲ್ಲ. ಹಾಗಾಗಿ ಅದರ ಹಿಂದಿನ ಶನಿವಾರ ನಮ್ಮ ಕಾಕಾನ ಕ್ಷಮಾಯಾತ್ರೆ ಹೊರಡುತ್ತದೆ.

ಸಾರಥಿ ನಾನು. ಅಮೀರ್‌ಪೇಟೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅಮೆರಿಕದ ಡಾಕ್ಟರುಗಳು ಗೊಣಗುವುದನ್ನು ಟೈಪು ಮಾಡುವ ಕೆಲಸ ನನ್ನದು. ಊರಿಗೆ ಊರೇ ಕಂಪ್ಯೂಟರಿನ ಹಿಂದೆ ಬಿದ್ದ ಕಾಲ ಅದು. ನನಗೆ ಶನಿವಾರ ರಜೆ, ಅದರ ಮೇಲೆ ಒಂದು ಸ್ಕೂಟರ್ ಬೇರೆ ಇತ್ತು. ಕಾಕಾನಿಗೆ ಗಾಡಿ ಓಡಿಸಲು ಬರುವುದಿಲ್ಲ. ಬರದಿದ್ದುದೇ ಒಳ್ಳೆಯದಾಯಿತು ಬಿಡಿ. ಹಿಂದೆ ಕೂತೇ ಇಷ್ಟು ಜಗಳ ಆಡುವವನು ಮುಂದೆ ಕೂತಿದ್ದರೆ ಶನಿವಾರ ಒಂದು ದಿನ ಸಾಲುತ್ತಿರಲಿಲ್ಲ.

ಯಾತ್ರೆ ಯಾವಾಗಲೂ ಮನೆಯಿಂದಲೇ ಶುರು. ಮೊದಲ ಕ್ಷಮೆ ಹೆಂಡತಿಗೆ, ಅಂದರೆ ನಮ್ಮ ಕಾಕುಗೆ. ಇಷ್ಟು ವರ್ಷದಲ್ಲಿ ಕಾಕು ಈ ವ್ಯವಹಾರ ಚೆನ್ನಾಗಿ ತಿಳಿದುಕೊಂಡುಬಿಟ್ಟಿದ್ದಳು.

"ತಪ್ಪಾತು ನೋಡು. ತಿಂಗಳಿಡೀ ಏನೇನೋ ಅಂದೀನಿ," ಎನ್ನುತ್ತಾನೆ ಕಾಕಾ, ಬಾಗಿಲಲ್ಲಿ ನಿಂತು.

"ಈಗ ಮಾಫ್ ಮಾಡಂಗಿಲ್ರಿ. ಮೊದ್ಲ ಆ ಫ್ಯಾನ್ ಒರಸ್ರಿ."

ಫ್ಯಾನು ಒರೆಸಿದರೆ ಅಟ್ಟದ ಮೇಲಿನ ಡಬ್ಬಿ, ಡಬ್ಬಿ ಇಳಿಸಿದರೆ ಬಚ್ಚಲ ನಲ್ಲಿ. ನಲ್ಲಿಯ ವಾಷರ್ ಬದಲಾಗುವ ತನಕ ಅವಳ ಕ್ಷಮೆ ಸಿಗುವುದಿಲ್ಲ. ಆ ಕಾಲೋನಿಯಲ್ಲಿ ಸೋರದ ನಲ್ಲಿ ಇದ್ದದ್ದು ಅವರ ಮನೆಯಲ್ಲಿ ಮಾತ್ರ.

ಒಂದು ಸಲ ಮೆಹದಿಪಟ್ಟಣದ ಬಸ್ ಕಂಡಕ್ಟರನ ಸರದಿ. ಬಸ್ಸು ಸ್ಟಾಪಿನಿಂದ ಸ್ವಲ್ಪ ಮುಂದೆ ಹೋಗಿ ನಿಂತಿತೆಂದು ಕಾಕಾ ಅವನ ವಂಶಾವಳಿಯನ್ನೇ ಓದಿದ್ದನಂತೆ. ಶನಿವಾರ ನಾವಿಬ್ಬರೂ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತೆವು. ಒಂದರ ಹಿಂದೆ ಒಂದು ಬಸ್ಸು ಬರುತ್ತದೆ, ಎಲ್ಲದರಿಂದಲೂ ಖಾಕಿ ಅಂಗಿಯ ಕಂಡಕ್ಟರೇ ಇಳಿಯುತ್ತಾರೆ. ಎಲ್ಲರಿಗೂ ಮೀಸೆ ಇದೆ.

"ಗುರುತು ಹತ್ತತೈತೇನ್ರಿ ಕಾಕಾ?"

"ಬೈಯೋ ಮುಂದ ಮಾರಿ ಯಾರು ನೋಡ್ತಾರವ್ವ? ದನಿ ಕೇಳಿದ್ರ ಹೇಳ್ತೀನಿ."

ಕೊನೆಗೆ ಒಬ್ಬನನ್ನು ಹಿಡಿದು ಕೈಮುಗಿದು ಕ್ಷಮೆ ಕೇಳಿದ. ಆ ಪುಣ್ಯಾತ್ಮ "ಪರವಾಲೇದು ಸಾರ್" ಅಂದು ಕಾಕಾನ ಭುಜ ತಟ್ಟಿ, ಕಣ್ಣು ಒದ್ದೆ ಮಾಡಿಕೊಂಡು, ನೌಕರಿಗೆ ಸೇರಿದಾಗಿನಿಂದ ತನಗೆ ಯಾರೂ ಇಷ್ಟು ಮರ್ಯಾದೆ ಕೊಟ್ಟಿಲ್ಲವೆಂದ. ಅವನು ಆ ಕಂಡಕ್ಟರಲ್ಲವೆಂದು ಗೊತ್ತಾದದ್ದು ಆಮೇಲೆ, ನಿಜವಾದವನು ಹಿಂದಿನ ಬಸ್ಸಿನಿಂದ ಕೂಗುತ್ತ ಇಳಿದು, ಕಾಕಾನಿಗೆ ಆ ದನಿಯ ಗುರುತು ಸಿಕ್ಕಾಗ. ಕಾಕಾ ಅವನ ಹತ್ತಿರವೂ ಹೋದ. ಅವನಿಗೋ ಜಗಳದ ನೆನಪೇ ಇಲ್ಲ! ಎಷ್ಟು ವಿವರಿಸಿದರೂ ತಲೆ ಅಲ್ಲಾಡಿಸಿದ.

ಕಾಕಾನ ಮುಖ ಕೆಂಪಾಯಿತು. "ನೆನಪಿಲ್ಲ ಅಂದ್ರ ಹೆಂಗಪ? ಅಷ್ಟು ಬೈದೀನಿ ನಿನಗ! ಮನಷ್ಯಾ ಅದಿಯೋ ಏನು ಬಸ್ಸಿನ ಗಾಲಿ ಅದಿಯೋ?"

ಕನ್ನಡ ಬಾರದಿದ್ದರೂ ಇದು ಆಶೀರ್ವಾದವಲ್ಲ ಎಂಬುದು ಕಂಡಕ್ಟರಿಗೆ ತಿಳಿಯಿತು. ಅವನೂ ತೋಳು ಏರಿಸಿದ. ಈಗ ಅವನಿಗೆ ಕಾಕಾನ ಮೇಲೆ ನಿಜವಾಗಿಯೂ ಸಿಟ್ಟು ಬಂದಿತ್ತಾದ್ದರಿಂದ, ಅಲ್ಲೇ ನಿಂತು ಹೊಸದಾಗಿ ಕ್ಷಮೆ ಕೇಳಿ, ಚಹಾ ಕುಡಿಸಿ, ಮನೆಗೆ ಬಂದೆವು.

ಗಚ್ಚಿಬೌಲಿಯದು ಇನ್ನೊಂದು ಕಥೆ. ಬಂಡೆ ಒಡೆದ ಜಾಗದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿದ್ದ ದಿನಗಳು. ಸಿಗ್ನಲಿನಲ್ಲಿ ಹಾರ್ನ್ ಒತ್ತಿದ ಒಬ್ಬ ಸಾಫ್ಟ್‌ವೇರ್ ಹುಡುಗನ ಕಾರಿನ ಕಿಟಕಿ ಬಡಿದು ಕಾಕಾ ಉಪದೇಶ ಮಾಡಿದ್ದ. ಈಗ ಅವನನ್ನು ಹುಡುಕಬೇಕು. ಗುರುತು ಏನೆಂದರೆ ಬಿಳಿ ಕಾರು, ಕೊರಳಲ್ಲಿ ಪಟ್ಟಿ ಕಟ್ಟಿದ ಕಾರ್ಡು. ಗಚ್ಚಿಬೌಲಿಯಲ್ಲಿ ಕೊರಳಿಗೆ ಕಾರ್ಡಿಲ್ಲದೆ ಓಡಾಡುವುದು ನಾಯಿಗಳು ಮಾತ್ರ, ಅವುಗಳಲ್ಲೂ ಕೆಲವಕ್ಕೆ ಪಟ್ಟಿ ಇರುತ್ತದೆ. ಕಂಪನಿಯ ಗೇಟಿನ ಮುಂದೆ ನಿಂತು ಹೊರಬಂದ ಪ್ರತಿಯೊಂದು ಬಿಳಿ ಕಾರಿಗೂ ಕಾಕಾ ಕೈಮುಗಿದ. ಒಬ್ಬ ಚಿಲ್ಲರೆ ಕೊಡಲು ಕಿಟಕಿ ಇಳಿಸಿದ. ಕೊನೆಗೆ ಬಿಸಿಲು ತಾಳದೆ ಕಾಕಾ ಕಾವಲುಗಾರನ ಬಳಿ ಹೋಗಿ, ನಿಮ್ಮ ಕಂಪನಿಯ ಒಬ್ಬ ಹುಡುಗನಿಗೆ ಬೈದಿದ್ದೇನೆ, ಅವನ ಪರವಾಗಿ ನೀನೇ ಕ್ಷಮಿಸಿಬಿಡು ಎಂದು ಹಿಂದಿಯಲ್ಲಿ ಬೇಡಿಕೊಂಡ.

ಕಾವಲುಗಾರ ಅವನನ್ನು ನೋಡಿದ, ನನ್ನನ್ನು ನೋಡಿದ, ದಾರಿಗೆ ಅಡ್ಡ ನಿಂತ ನನ್ನ ಸ್ಕೂಟರನ್ನು ನೋಡಿದ. "ಮಾಫ್ ಕರ್ ದಿಯಾ ಚಾಚಾ. ಅಬ್ ಗಾಡಿ ಹಟಾವ್."

ಇಷ್ಟೆಲ್ಲ ಕಷ್ಟಪಟ್ಟು ಊರನ್ನೆಲ್ಲ ರಾಜಿ ಮಾಡಿಕೊಂಡು ಬಂದ ಈ ಮನುಷ್ಯ, ಮರುದಿನ ಚರ್ಚಿನಲ್ಲಿ ಎಲ್ಲರೂ ಎದ್ದು ಮುಂದೆ ಹೋದಾಗ ಏನು ಮಾಡುತ್ತಿದ್ದ ಗೊತ್ತೆ? ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತೇ ಇರುತ್ತಿದ್ದ. ಅದಕ್ಕೆ ಕಾರಣ ನಮ್ಮ ಅಪ್ಪ. ಕಾಕಾ ರಾಜಿಯಾಗಲಾರದ ಒಬ್ಬನೇ ಒಬ್ಬ ಮನುಷ್ಯ ಅವನ ಸ್ವಂತ ಅಣ್ಣ. ಆ ಜಗಳ ಹುಟ್ಟಿದ್ದು ನನ್ನಿಂದ, ಅದನ್ನೂ ಹೇಳಿಬಿಡುತ್ತೇನೆ.

ನನ್ನನ್ನು ನೋಡಲು ಒಂದು ಗಂಡಿನ ಕಡೆಯವರು ಬಂದಿದ್ದರು. ನಮ್ಮ ಜನವೇ, ಹುಬ್ಬಳ್ಳಿಯವರು. ಹುಡುಗನಿಗೆ ಗಚ್ಚಿಬೌಲಿಯಲ್ಲಿ ಕೆಲಸ. ಆಗೆಲ್ಲ ಅಷ್ಟು ಕೇಳಿದರೆ ಸಾಕು, ಹೆಣ್ಣು ಹೆತ್ತವರು ಎದ್ದು ನಿಲ್ಲುತ್ತಿದ್ದರು. ಹುಡುಗ ನೋಡಲೂ ಚೆನ್ನಾಗಿದ್ದ, ನನಗೆ ಇಷ್ಟವೂ ಆದ, ಅದನ್ನಿಲ್ಲಿ ಹೆಚ್ಚು ಬೆಳೆಸುವುದಿಲ್ಲ. ಕಾಕಾ ಬಾಯಿ ತೆರೆಯಬಾರದೆಂದು ಕಾಕು ಅವನ ಕೈಗೆ ಚುರುಮುರಿ ಗಿರಮಿಟ್ಟಿನ ದೊಡ್ಡ ತಟ್ಟೆ ಕೊಟ್ಟು ಮೂಲೆಯಲ್ಲಿ ಕೂರಿಸಿದ್ದಳು. ಪ್ರಾರ್ಥನೆ ಆಯಿತು, ಚಹಾ ಆಯಿತು. ನಮ್ಮಲ್ಲಿಯ ಪದ್ಧತಿಯಂತೆ ಹುಡುಗ ಹುಡುಗಿ ಮಾತಾಡಿಕೊಳ್ಳಲೆಂದು ನಮ್ಮಿಬ್ಬರನ್ನು ಕಿಟಕಿಯಾಚೆಯ ಗ್ಯಾಲರಿಗೆ ಕಳಿಸಿದರು.

ನನಗೆ ಚಿಕ್ಕವಳಿದ್ದಾಗ ಫಿಟ್ಸ್ ಬರುತ್ತಿತ್ತು. ಔಷಧಿ ತಗೊಂಡು, ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಪೂರ್ತಿ ನಿಂತುಹೋಯಿತು. ಇದನ್ನು ಹುಡುಗನಿಗೆ ಹೇಳಬೇಕು, ನಾನೇ ಹೇಳಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ. ಹಿಂದಿನ ದಿನವೆಲ್ಲ ಕನ್ನಡಿಯ ಮುಂದೆ ನಿಂತು ಹೇಳಿ ರೂಢಿ ಮಾಡಿಕೊಂಡಿದ್ದೆ. "ನಿಮಗ ಒಂದು ಮಾತು ಹೇಳೂದೈತ್ರಿ," ಎಂದು ಶುರುವನ್ನೂ ಮಾಡಿದೆ. ಅಷ್ಟರಲ್ಲಿ ಒಳಗೆ ಹುಡುಗನ ತಾಯಿ ಅಪ್ಪನನ್ನು ಕೇಳಿದ್ದು ಕಿಟಕಿಯಿಂದ ಕೇಳಿಸಿತು.

"ಹುಡುಗಿ ಆರೋಗ್ಯ ಎಲ್ಲಾ ಬರೋಬ್ಬರಿ ಐತೆಲ್ರಿ?"

"ಹುಟ್ಟಿದಾಗಿಂದ ಒಂದಿನಾ ದವಾಖಾನಿ ಮೆಟ್ಲು ಹತ್ತಿಲ್ರಿ," ಅಂದ ಅಪ್ಪ, ಹೆಮ್ಮೆಯಿಂದ.

ಗಿರಮಿಟ್ಟಿನ ತಟ್ಟೆ ನೆಲಕ್ಕಿಟ್ಟ ಸದ್ದು. ಆಮೇಲೆ ಕಾಕಾನ ದನಿ. ಕಾರ್ಖಾನೆಯ ಮಷೀನುಗಳ ನಡುವೆ ಮಾತಾಡಿ ಬೆಳೆದ ದನಿ ಅದು, ಓಣಿಯ ತುದಿಗೂ ಕೇಳಿಸುತ್ತದೆ. "ಆಕಿ ಹತ್ತಿಲ್ಲ ಅಣ್ಣಾ, ಖರೇ. ನಾನ ಎತಗೊಂಡು ಹತ್ತೀನಿ. ಸಣ್ಣಾಕಿ ಇದ್ದಾಗ ಫಿಟ್ಸ್ ಬರ್ತಿತ್ತು. ಈಗೇನಿಲ್ರಿ, ಆರಾಮ ಅದಾಳ."

ಗ್ಯಾಲರಿಯಲ್ಲಿ ಹುಡುಗ ನನ್ನ ಮುಖ ನೋಡಿದ. ನನ್ನ ಬಾಯಲ್ಲಿದ್ದ ಮಾತು ಬಾಯಲ್ಲೇ ಉಳಿಯಿತು. ಫೋನ್ ಮಾಡುತ್ತೇವೆಂದು ಹೋದವರು ಮಾಡಲಿಲ್ಲ. ಆದರೆ ಅವರು ಬೇರೆ ಯಾರು ಯಾರಿಗೋ ಮಾಡಿರಬೇಕು, ಏಕೆಂದರೆ ಆಮೇಲೆ ಬಂದವರೆಲ್ಲ ಹುಡುಗಿಯ ಅಡುಗೆ ಕೇಳುವ ಮೊದಲು ಫಿಟ್ಸ್ ಬಗ್ಗೆ ಕೇಳಿದರು. ಕೆಲವರು ಬರಲೇ ಇಲ್ಲ.

ಅಪ್ಪ ತಮ್ಮನ ಜೊತೆ ಮಾತು ಬಿಟ್ಟ. "ನನ್ನ ಮಗಳ ಬಾಳಿಗೆ ಕಲ್ಲು ಹಾಕಿದ. ತಪ್ಪಾತು ಅಂತ ಒಂದ ಮಾತು ಅನ್ಲಿ, ಅವತ್ತ ನಾ ಮಾತಾಡ್ತೀನಿ."

ಕಾಕಾನದು ಇನ್ನೂ ದೊಡ್ಡ ಫಜೀತಿ. ಯಾರ ಕಾಲಿಗೆ ಬೇಕಾದರೂ ಬೀಳಲು ತಯಾರಿದ್ದವನು ಇದೊಂದಕ್ಕೆ ಒಪ್ಪಲಿಲ್ಲ. "ಖರೇ ಮಾತು ಹೇಳಿ ತಪ್ಪಾತು ಅಂದ್ರ ಅದು ಸುಳ್ಳು ಆಕ್ಕತಿ. ಸುಳ್ಳು ಹೇಳಿ ರಾಜಿ ಆಗಿ ಕರ್ತನ ಊಟಕ್ಕ ಕೂಡ್ಲೇನು?" ಎನ್ನುತ್ತಿದ್ದ. ಪಾಸ್ಟರು ಹರೆಯದವರು, ಸಂಭಾವಿತರು. ಇಬ್ಬರ ಮನೆಗೂ ಓಡಾಡಿ ಸುಸ್ತಾದರು. "ಅಣ್ಣಾರ, ದೇವರು ನಿಮ್ಮ ಮನಸ್ಸು ನೋಡ್ಯಾನ್ರಿ, ಬರ್ರಿ ಮುಂದ," ಎಂದು ಒಮ್ಮೆ ಕಾಕಾನ ಕೈಹಿಡಿದು ಎಳೆದೂ ನೋಡಿದರು. "ನಮ್ಮಣ್ಣಗ ನನ್ನ ಮ್ಯಾಲ ಸಿಟ್ಟೈತ್ರಿ. ಅದು ಇರೂತನಕ ನಾ ಬರಂಗಿಲ್ಲ," ಅಂದ ಕಾಕಾ. ಕೂತಲ್ಲಿಂದ ಏಳಲಿಲ್ಲ.

ಹೀಗೆ ಎರಡು ಕ್ರಿಸ್‌ಮಸ್ ಹೋದವು. ಮಾತಿಲ್ಲವೆಂದರೆ ಸಂಬಂಧವಿಲ್ಲವೆಂದಲ್ಲ. ಕಾಕಾನ ಮನೆಯಲ್ಲಿ ಗ್ಯಾಸ್ ತೀರಿದರೆ ಅಪ್ಪ ನಮ್ಮ ಸಿಲಿಂಡರನ್ನೇ ಉರುಳಿಸಿಕೊಂಡು ಹೋಗಿ, ಬಾಗಿಲು ಬಡಿದು, ಓಡಿ ಬರುತ್ತಿದ್ದ. ಈ ವಯಸ್ಸಿನಲ್ಲಿ! ಕಾಕಾನ ಮನೆಯ ಕರ್ಚಿಕಾಯಿ ಡಬ್ಬಿ ನನ್ನ ಕೈಯಲ್ಲಿ ನಮ್ಮ ಮನೆಗೆ ಬರುತ್ತಿತ್ತು, ಅಪ್ಪ ಅದನ್ನು ಯಾರು ಕಳಿಸಿದ್ದೆಂದು ಕೇಳದೆ ತಿಂದು ಖಾಲಿ ಮಾಡುತ್ತಿದ್ದ. ಆದರೆ ಮೊದಲ ಭಾನುವಾರ ಅಪ್ಪ ಮುಂದೆ ಹೋಗಿ ಮೊಣಕಾಲೂರುತ್ತಿದ್ದ, ಕಾಕಾ ಹಿಂದೆ ಕೂತಿರುತ್ತಿದ್ದ. ಹೆಂಗಸರ ಕಡೆಯಿಂದ ನನಗೆ ಇಬ್ಬರೂ ಕಾಣುತ್ತಿದ್ದರು. ಜನ ಅವನನ್ನು ನೋಡಿ ನಗುತ್ತಾರೆ, ನಾನೂ ಇಷ್ಟೊತ್ತು ನಿಮ್ಮನ್ನು ನಗಿಸಿದೆ, ಆದರೆ ಅವನಿಗೆ ಆ ಊಟ ನಿಜವಾಗಿ ಬೇಕಿತ್ತು.

ನನ್ನನ್ನು ಯಾರಾದರೂ ಕೇಳಿದರೆ, ನನಗೇನೂ ಬೇಜಾರಿಲ್ಲ ಎನ್ನುತ್ತಿದ್ದೆ. ಇದ್ದಿದ್ದರೆ ಅವನನ್ನು ಹಿಂದೆ ಕೂರಿಸಿಕೊಂಡು ತಿಂಗಳು ತಿಂಗಳು ಊರು ಸುತ್ತಿಸುತ್ತಿದ್ದೆನೆ?

ಒಂದು ಶನಿವಾರ ಯಾರೋ ತರಕಾರಿಯವಳ ಕ್ಷಮೆ ಪಡೆದು ವಾಪಸ್ಸು ಬರುತ್ತಿದ್ದೆವು. ಅವಳು ಕ್ಷಮಿಸಿದ್ದಲ್ಲದೆ ಒಂದು ಕಟ್ಟು ಪುಂಡಿಪಲ್ಯದ ಸೊಪ್ಪನ್ನೂ ಕೊಟ್ಟಿದ್ದಳು, ಅದನ್ನು ಮಡಿಲಲ್ಲಿಟ್ಟುಕೊಂಡು ಕಾಕಾ ಹಿಂದೆ ಕೂತಿದ್ದ. ಎರ್ರಗಡ್ಡದ ಹತ್ತಿರ ಸಿಗ್ನಲ್ ಬಿತ್ತು. ಬಿಸಿಲು, ಹೊಗೆ, ಮುಂದೆ ನೋಡಿದರೆ ಬರೀ ಕಾರು.

"ನಿಮ್ಮಪ್ಪನ ಸಿಟ್ಟು ಇನ್ನೂ ಹಂಗ ಐತೇನವ್ವ?" ಕೇಳಿದ.

"ಹಂಗ ಐತ್ರಿ."

"ನಾ ಅವಗ ಏನ ಹೇಳ್ಬೇಕು, ನೀನ ಹೇಳು. ಅವತ್ತು ನಾ ಹೇಳ್ಲಿಲ್ಲಂದ್ರ ಆ ಮಾತು ಮುಚ್ಚೇ ಹೋಗ್ತಿತ್ತು. ಮುಚ್ಚಿಟ್ಟು ಮದುವಿ ಮಾಡೂದು ಸರಿ ಏನು?"

ಬಿಸಿಲಿಗೋ ಏನೋ, ನನ್ನ ತಲೆ ಕೆಟ್ಟಿತು. "ಮುಚ್ಚಿ ಹೋಗ್ತಿರಲಿಲ್ರಿ ಕಾಕಾ," ಅಂದೆ. "ನಾನ ಹೇಳಾಕಿ ಇದ್ದೆ. ಗ್ಯಾಲರಿಯಾಗ ಬಾಯಿ ತೆಗದಿದ್ದೆ. ನೀವು ಒಳಗಿಂದ ಹೇಳಿಬಿಟ್ರಿ. ಅವನ ಮುಂದ ನಾ ಸುಳ್ಳಿ ಆಗಿ ನಿಂತೆ."

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಬಾರಿಸಿದರು. ಒಬ್ಬ ಆಟೋದವನು ಪಕ್ಕಕ್ಕೆ ಬಂದು ನಮ್ಮಿಬ್ಬರಿಗೂ ಸೇರಿಸಿ ಬೈದ. ಕಾಕಾ ಅವನ ಕಡೆ ತಿರುಗಿಯೂ ನೋಡಲಿಲ್ಲ. ಸನತ್‌ನಗರ ಮುಟ್ಟಿದಾಗ ಪುಂಡಿಪಲ್ಯವನ್ನು ಸ್ಕೂಟರಿನ ಮೇಲೇ ಮರೆತು ಇಳಿದುಹೋದ. ನಾನು ಹೇಳಬಾರದಿತ್ತೇನೋ ಎಂದು ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಪಾಸ್ಟರು ರೊಟ್ಟಿ ಮುರಿದು, ಬನ್ನಿರೆಂದು ಕರೆದರು. ಗಂಡಸರು ಎದ್ದು ಮುಂದೆ ಹೋದರು. ಅಪ್ಪ ಎಂದಿನಂತೆ ಕಟಕಟೆಯ ಮುಂದೆ ಮೊಣಕಾಲೂರಿ ಎರಡೂ ಅಂಗೈ ಸೇರಿಸಿ ಚಾಚಿದ. ಆಗ ಕೊನೆಯ ಬೆಂಚಿನಿಂದ ಕಾಕಾ ಎದ್ದ. ಚರ್ಚಿನ ತುಂಬ ತಲೆಗಳು ತಿರುಗಿದವು. ಕೊನೆಗೂ ಅಣ್ಣನ ಹತ್ತಿರ ಹೊರಟ ಎಂದು ಎಲ್ಲರೂ ಅಂದುಕೊಂಡರು, ಕಾಕು ಸೆರಗಿನಿಂದ ಕಣ್ಣು ಒತ್ತಿಕೊಳ್ಳಲು ಶುರು ಮಾಡಿಯೇಬಿಟ್ಟಳು. ಕಾಕಾ ನಡುವಿನ ದಾರಿಯಲ್ಲಿ ಅರ್ಧ ಬಂದು, ಎಡಕ್ಕೆ ತಿರುಗಿ, ಯಾವ ಗಂಡಸೂ ಕಾಲಿಡದ ಹೆಂಗಸರ ಬೆಂಚುಗಳ ನಡುವೆ ನುಗ್ಗಿದ. ಮುದುಕಿಯರು ಕಾಲು ಎಳೆದುಕೊಂಡರು. ನನ್ನ ಮುಂದೆ ಬಂದು ನಿಂತ.

"ರಾತ್ರಿಯೆಲ್ಲಾ ವಿಚಾರ ಮಾಡಿದೆವ್ವ," ಅಂದ. ಮೆಲ್ಲಗೆ ಹೇಳಬೇಕೆಂದು ಪ್ರಯತ್ನಪಟ್ಟ, ಆದರೂ ಎಲ್ಲರಿಗೂ ಕೇಳಿಸಿತು. "ಮಾತು ಖರೇನ ಇತ್ತು. ಆದ್ರ ಅದು ನಿನ್ನ ಮಾತು. ನಿನ್ನ ಬಾಯಾಗಿಂದು ನಾ ಕಸಗೊಂಡೆ. ಊರ ಮಂದೀನೆಲ್ಲಾ ಹುಡುಕಿದೆ, ಗಾಡಿ ಹೊಡಿಯಾಕಿನ್ನ ಬಿಟ್ಟಬಿಟ್ಟೆ. ತಪ್ಪಾತು ನಂದು."

ನನಗೆ ಬೇಜಾರಿಲ್ಲ ಎಂದು ಇಷ್ಟು ದಿನ ಹೇಳಿಕೊಂಡು ಬಂದವಳಿಗೆ ಎಲ್ಲಿತ್ತೋ ಅಳು, ಉಕ್ಕಿ ಬಂತು. ಮುಚ್ಚಿಟ್ಟುಕೊಂಡಿದ್ದೆ, ನನಗೇ ಗೊತ್ತಾಗದಂತೆ. "ಹೋಗ್ರಿ ಕಾಕಾ, ಮುಂದ ಹೋಗ್ರಿ," ಅಂದೆ.

ಅವನು ಕದಲಲಿಲ್ಲ. "ನೀ ಇನ್ನಾ ಮಾಫ್ ಮಾಡೀನಿ ಅಂದಿಲ್ಲ."

"ಮಾಡೀನ್ರಿ," ಅಂದೆ. ಅಂದ ಮೇಲೆ ಅದು ನಿಜವೆಂದು ನನಗೆ ತಿಳಿಯಿತು.

ಅಷ್ಟರಲ್ಲಿ ಮುಂದೆ ಏನೋ ಸರಿದಂತಾಯಿತು. ಪಾಸ್ಟರು ರೊಟ್ಟಿಯ ತಟ್ಟೆ ಹಿಡಿದು ಅಪ್ಪನ ಮುಂದೆ ಬಂದಿದ್ದರು. ಅಪ್ಪ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡ. ಕಟಕಟೆ ಹಿಡಿದು ಎದ್ದ. ತಿರುಗಿ, ಅವನೂ ಹೆಂಗಸರ ಕಡೆಗೇ ಬಂದ. ನನ್ನನ್ನು ಒಂದು ಮಾತೂ ಕೇಳದೆ ಗಂಡಿನವರಿಗೆ ಅವತ್ತು ಸುಳ್ಳು ಹೇಳಿದವನು ಅವನಲ್ಲವೆ? ಬಂದು ತಮ್ಮನ ಪಕ್ಕದಲ್ಲಿ ನಿಂತ. ಬಾಯಿ ತೆರೆದ, ಮುಚ್ಚಿದ. ನಮ್ಮ ಅಪ್ಪ ಜೀವಮಾನದಲ್ಲಿ ಯಾರ ಹತ್ತಿರವೂ ಕ್ಷಮೆ ಕೇಳಿದವನಲ್ಲ. ನನಗೆ ಅವನ ಮುಖ ನೋಡಲಾಗಲಿಲ್ಲ.

ಕಾಕಾ ಅಣ್ಣನ ಬೆನ್ನ ಮೇಲೆ ಕೈಯಿಟ್ಟ.

"ತಪ್ಪಾತು ಅನ್ನು ಅಣ್ಣಾ," ಅಂದ. "ಮೊದ್ಲನೇ ಸಲ ಅಷ್ಟ ಕಷ್ಟ. ಆಮ್ಯಾಲ ರೂಢಿ ಆಕ್ಕತಿ."

ಎರಡು ಕ್ರಿಸ್‌ಮಸ್ ಕಳೆದ ಮೇಲೆ ಅವನು ಅಣ್ಣನ ಜೊತೆ ಆಡಿದ ಮೊದಲ ಮಾತು ಅದು. ಅಪ್ಪ ತಮ್ಮನ ಕೈ ಹಿಡಿದುಕೊಂಡು, ನನ್ನ ಕಡೆ ನೋಡಿ, ಕೊನೆಗೂ ಆ ಮಾತು ಅಂದ.